ತೊಂಬತ್ತಾರು ಹಲ್ಲು

ನಡುವಿರುಳು ದಾಟಿ ಮೂರೂ ಹತ್ತಕ್ಕೆ
ಬಾಗಿಲ ಮೇಲಿನ ಬೂದು ಪೆಟ್ಟಿಗೆಯೊಳಗೆ
ಟಿಕ್.
ಬಚ್ಚಲಲ್ಲಿ ಎಂಬತ್ತು ಲೀಟರಿನ ಬಾಯ್ಲರು
ಗಂಟಲು ಸರಿಮಾಡಿಕೊಳ್ಳುತ್ತದೆ,
ನೀರು ಕಾಯತೊಡಗುತ್ತದೆ.
ಹಾಸಿಗೆಯಲ್ಲಿ ನಾನೂ ಕಾಯುತ್ತೇನೆ,
ಬೇರೆ ಅರ್ಥದಲ್ಲಿ.

"ಪೆಟ್ಟಿಗೆ ಮುಟ್ಟಬೇಡಿ" ಎಂದಿದ್ದಳು ಗ್ರೊಜ್ದಾನಾ,
ಏಪ್ರಿಲ್‌ನಲ್ಲಿ ಬೀಗದ ಕೈ ಕೊಡುತ್ತ,
"ಹಿಂದೆ ಇದ್ದವನು ಹೊತ್ತು ಹೊಂದಿಸಿಟ್ಟಿದ್ದಾನೆ, ಬಿಲ್ಲು ಕಡಿಮೆ."
ಯಾರವನು? ಅವಳಿಗೂ ನೆನಪಿಲ್ಲ.
ಮೆತ್ತಗೆ ನಡೆಯುತ್ತಿದ್ದನಂತೆ.

ಅಣ್ಣನ ಮನೆಯಲ್ಲಿ ಹನ್ನೊಂದು ವರ್ಷ ಬಿಸಿನೀರಿಗೆ ಸರದಿ:
ಅತ್ತಿಗೆ, ಅಣ್ಣ, ಅವಳಿ ಮಕ್ಕಳು, ಆಮೇಲೆ ನಾಯಿ.
ನನ್ನ ಪಾಲಿಗೆ ಬರುತ್ತಿದ್ದದ್ದು ಬಿಸಿಯೆಂಬ ಮಾತು ಮಾತ್ರ.
ಇಲ್ಲಿ, ನೀಶ್ ಪಟ್ಟಣದ ಈ ಮೂರನೇ ಮಹಡಿಯಲ್ಲಿ,
ಎಂಬತ್ತಕ್ಕೆ ಎಂಬತ್ತೂ ಲೀಟರು ನನ್ನವೇ,
ಆದರೆ ಬೆಳಗಿನ ಜಾವ ನಾಲ್ಕೂವರೆಗೆ.
ನಾನು ಕೆಲಸಮಾಡುವ ಕನ್ನಡಕದಂಗಡಿ ತೆರೆಯುವುದು ಹತ್ತಕ್ಕೆ.
ಬಾಯ್ಲರು ಹಳೆಯದು; ಎಂಟಕ್ಕೆಲ್ಲ ಬಿಸಿ ಹಾರಿಹೋಗಿರುತ್ತದೆ.

ಆದ್ದರಿಂದ ಏಳುವುದನ್ನು ಕಲಿತೆ, ಅವನ ಹೊತ್ತಿಗೆ.
ಬುರೆಕ್ ಅಂಗಡಿಯ ಒಲೆಯವನೇ ಇರಬೇಕು.
ಮತ್ತಾರಿಗೆ ಬೇಕು ಆ ಹೊತ್ತಲ್ಲಿ ಮೀಯುವ ನೀರು?
ಬಚ್ಚಲ ಬಾಗಿಲ ಕೊಕ್ಕೆ ನನ್ನ ಕೈಗೆಟುಕದು:
ಆಸಾಮಿ ಎತ್ತರ.
ಬಿಟ್ಟುಹೋದ ಹಸಿರು ಸೋಪಿನ ಚೂರು ಉಗುರಿನಷ್ಟು ತೆಳು:
ದುಂದುಗಾರನಲ್ಲ.
ನೊರೆ ಉಜ್ಜಿಕೊಳ್ಳುತ್ತ ಹೆಸರೂ ಇಟ್ಟೆ, ವೆಲಿಬೋರ್.

ವಾರಕ್ಕೊಂದು ಅಂಗಡಿಗೆ ಹೋದೆ,
ಐದೂವರೆಗೆ, ಮೊದಲ ತಟ್ಟೆ ಹೊರಬರುವಾಗ,
ಕೌಂಟರಿನಾಚೆ ಯಾರ ಕೂದಲು ಒದ್ದೆಯಿದೆ ಎಂದು ನೋಡಲು.
ಎಲ್ಲರ ತಲೆಗೂ ಬಿಳಿ ಟೊಪ್ಪಿ.
ಜಿಡ್ಡು ಬಸಿಯುವ ಪದರ ಪದರ ಬುರೆಕ್, ಜೊತೆಗೊಂದು ಲೋಟ ಮೊಸರು.
ಎರಡು ಕಿಲೋ ದಪ್ಪಗಾದೆ.

ಜುಲೈಯಲ್ಲಿ ಬಚ್ಚಲ ದೀಪದ ಹೋಲ್ಡರು ಸುಟ್ಟಿತು.
ಸ್ಲಾವೊಲ್ಯುಬ್ ಬಂದ, ಬಗಲಲ್ಲಿ ಏಣಿ, ಬಾಯಲ್ಲಿ ಟಾರ್ಚು.
ಕರೆಂಟು ತೆಗೆಯಲೆಂದು ಪೆಟ್ಟಿಗೆ ತೆರೆದರೆ
ಒಳಗೊಂದು ಅಂಗೈಯಗಲ ಬಿಳಿ ಚಕ್ರ,
ಸುತ್ತ ತೊಂಬತ್ತಾರು ಹಲ್ಲು,
ಒಂದೊಂದಕ್ಕೆ ಕಾಲು ಗಂಟೆ.
ಆರು ಹಲ್ಲು ಮಾತ್ರ ಒಳಕ್ಕೊತ್ತಿದ್ದವು
ರಾತ್ರಿ ಒಂಬತ್ತರಿಂದ.

"ಒಂಬತ್ತೆ?"
"ಒಂಬತ್ತೇ. ಕರೆಂಟು ಹೋದಾಗ ಇದು ನಿಲ್ಲುತ್ತದೆ,
ಬಂದಾಗ ನಿಂತಲ್ಲಿಂದಲೇ ನಡೆಯುತ್ತದೆ.
ತಪ್ಪಿದ ಹೊತ್ತನ್ನು ಓಡಿ ಹಿಡಿಯುವ ಜಾತಿಯಲ್ಲ.
ಆರು ಗಂಟೆ ಹತ್ತು ನಿಮಿಷ ಹಿಂದಿದೆ, ನೋಡಿ."

ಆರು ಗಂಟೆ ಹತ್ತು ನಿಮಿಷ.
ಈ ಕಟ್ಟಡ ಕತ್ತಲಲ್ಲಿ ಕೂತ ಹೊತ್ತೆಲ್ಲ,
ಬಿರುಗಾಳಿಯದ್ದು, ಹಿಮದ ಭಾರಕ್ಕೆ ತಂತಿ ಹರಿದದ್ದು,
ಲಿಫ್ಟಿನೊಳಗಿಂದ ಯಾರೋ ಬಾಗಿಲು ಬಡಿದದ್ದು,
ಯಾರೂ ಬರೆದಿಡದ ಆ ಲೆಕ್ಕ
ಚಿಲ್ಲರೆ ಸಮೇತ ಇಲ್ಲಿ ಜಮೆಯಾಗಿತ್ತು.
ನನ್ನ ಒಲೆಯವನೋ,
ಉಂಡು, ಟಿವಿ ನೋಡಿ, ಹತ್ತೂವರೆಗೆ ಮಿಂದು ಮಲಗುತ್ತಿದ್ದ
ಯಾವನೋ ಗುಮಾಸ್ತ.
ವೆಲಿಬೋರನ ಕೂದಲು
ಒದ್ದೆಯಾಗಿರಲೇ ಇಲ್ಲ, ಇನ್ನು ಒಣಗುವುದೆಲ್ಲಿ.

"ಹೀಗೇ ಬಿಡಲೇ?" ಏಣಿಯ ಮೇಲಿಂದ ಕೇಳಿದ.
"ನಡುರಾತ್ರಿಯ ಕರೆಂಟು ಅಗ್ಗ.
ತಪ್ಪು ಗಡಿಯಾರ ನಿಮಗೆ ದುಡ್ಡು ಉಳಿಸಿದೆ."
ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ
ಸರಿಮಾಡು ಎಂದುಬಿಟ್ಟೆ.

ಈಗ ಒಂಬತ್ತಕ್ಕೆ ಟಿಕ್.
ಮೇಲಿನವರ ನೀರು ಗೋಡೆಯೊಳಗೆ ಇಳಿಯುವುದನ್ನು ಕೇಳುತ್ತ
ನಾನೂ ಮಿಂದು ಮಲಗುತ್ತೇನೆ, ಹತ್ತು ಜನರ ಹಾಗೆ.
ಬಿಲ್ಲು ಏರಿದೆ.
ಮೂರೂ ಹತ್ತಕ್ಕೆ ಎಚ್ಚರಾಗುತ್ತದೆ. ಪೆಟ್ಟಿಗೆ ಸುಮ್ಮನಿರುತ್ತದೆ.
ಕಿಟಕಿಯಾಚೆ ಎಲ್ಲೋ ಹಿಟ್ಟು ಬೇಯುವ ವಾಸನೆ.

ಮೊನ್ನೆ, ಆಗಸ್ಟಿನ ಗುಡುಗಿಗೆ, ಕರೆಂಟು ಹೋಯಿತು.
ಮೆಟ್ಟಿಲ ತುಂಬ ಬೈಗುಳ, ಮೊಬೈಲಿನ ಬೆಳಕು.
ನಾನು ಕತ್ತಲಲ್ಲೇ ಕೂತು ಎಣಿಸಿದೆ, ನಲವತ್ತು ನಿಮಿಷ.
ಮಾರನೆಯ ರಾತ್ರಿ
ಒಂಬತ್ತು ನಲವತ್ತಕ್ಕೆ ಟಿಕ್.

ಸ್ಲಾವೊಲ್ಯುಬನಿಗೆ ಹೇಳಿಲ್ಲ.
ಇನ್ನು ಐದೂವರೆ ಗಂಟೆ ಬಾಕಿ.